ನಾಲ್ಕನೆಯ ಕಾವಲಿ

ಆಯುಧಪೂಜೆಯ ಬೆಳಿಗ್ಗೆ ಭಾನುಪ್ರಿಯಾ ಹಿತ್ತಲ ಬಟ್ಟೆಕಲ್ಲಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಈಳಿಗೆಮಣೆಯ ಅಲಗಿಗೆ ಹುಣಸೆಹಣ್ಣು ಉಜ್ಜುತ್ತಿದ್ದಳು. ವರ್ಷವಿಡೀ ಸೊಪ್ಪು ಕೊಯ್ದು ಕಪ್ಪಾಗಿದ್ದ ಅಲಗು ಅಂಚಿನಿಂದ ಬೆಳ್ಳಗಾಗುತ್ತ ಬರುತ್ತಿತ್ತು. ಸುತ್ತಿಗೆ, ಕತ್ತರಿ, ಮಿಕ್ಸಿ, ಗಂಡ ಅಮರನ ಹಳೆಯ ಸ್ಪ್ಯಾನರು, ಎಲ್ಲವೂ ದೇವರ ಗೂಡಿನ ಮುಂದೆ ಆಗಲೇ ಸಾಲಾಗಿ ಕೂತಿದ್ದವು. ಇದೊಂದೇ ಬಾಕಿ. ಅಮರ್ ಮಾತ್ರ ಹಬ್ಬಕ್ಕಿಲ್ಲ. ದಸರಾ ವಿಶೇಷ ಬಸ್ಸು ಓಡಿಸಲು ಬೆಳಕು ಹರಿಯುವ ಮುಂಚೆಯೇ ಡಿಪೋಗೆ ಹೋಗಿದ್ದ.

"ಅಮ್ಮಾ, ಒಂದು ಕೇಳ್ಲಾ?"

ಮಗಳು ಗಗನ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಮೂರನೆಯ ಕ್ಲಾಸಿನ ಹುಡುಗಿ. ಹಳದಿ ಉದ್ದಲಂಗ, ಎರಡು ಜಡೆಗೂ ಮಲ್ಲಿಗೆ. ಎಡತೋಳಿನ ಮೇಲೆ ರೂಪಾಯಿಯಗಲದ ಬಿಳಿ ಬಿಲ್ಲೆ, ಸೊಂಟದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ.

"ಮೊದ್ಲು ಇಡ್ಲಿ ಮುಗ್ಸು ಪುಟ್ಟ. ಇನ್ಸುಲಿನ್ ಕೊಟ್ಟು ಇಪ್ಪತ್ ನಿಮಿಷ ಆಯ್ತು."

"ಒಂದ್ ತಿಂದೆ. ಅಮ್ಮಾ, ನೀನು ಅವತ್ತು ಹೇಳಿದ್ಯಲ್ಲ, ಜನ ಬಂದಷ್ಟೂ ದೋಸೆ ಕಾವಲಿ ಇಡ್ತೀವಿ ಅಂತ. ಎಲ್ಲಾ ಕಾವಲೀನೂ ತುಂಬೋಗಿರುವಾಗ ನಾನು ಬಂದ್ರೆ..."

ಬೀದಿಯಲ್ಲಿ ಮೊಪೆಡ್ಡಿನ ಹಾರನ್ನು ಬಿಡದೆ ಕೂಗಿತು. ಹೂವು ತರಲು ಹೋಗಿದ್ದ ಮಾವ ಗುರುಸಿದ್ದಯ್ಯ ಬಂದಿದ್ದರು. "ಒಂಟ್ಯೇನವ್ವಾ ಗಗನಾ, ಇಲ್ಲಾ ಬುಟ್ಟೋಗ್ಲಾ? ಲೇಟಾದ್ರೆ ಕಡ್ಲೆಪುರಿ ಎಲ್ಲಾ ಖಾಲಿ ಮಾಡ್ಬುಡ್ತಾರೆ!"

ಮಾವ ಹೆಬ್ಬಾಳದ ವಿಜಯ್‌ಕುಮಾರ್ ಅವರ ಲೇತ್ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದು ಹೋದ ವರ್ಷ ನಿವೃತ್ತರಾದವರು. ಕೆಲಸ ಬಿಟ್ಟರೂ ಆ ಲೇತಿಗೆ ಕುಂಕುಮ ಇಡುವ ಕೈ ಅವರದೇ ಆಗಬೇಕು. ಈ ಸಲ ಮೊಮ್ಮಗಳನ್ನೂ ಕರೆದುಕೊಂಡು ಹೋಗುವುದೆಂದು ತಿಂಗಳಿಂದ ತಾತ ಮೊಮ್ಮಗಳ ನಡುವೆ ಒಪ್ಪಂದವಾಗಿತ್ತು. ಪ್ರಶ್ನೆಯನ್ನು ಅಲ್ಲೇ ಬಿಟ್ಟು ಹುಡುಗಿ ಓಡಿದಳು.

ಭಾನುಪ್ರಿಯಾ ಒದ್ದೆ ಕೈಯಲ್ಲೇ ಉಳಿದೆರಡು ಇಡ್ಲಿಯನ್ನು ಡಬರಿಯಲ್ಲಿ ಹಾಕಿ ಗೇಟಿನವರೆಗೆ ಓಡಿದಳು. "ಮಾವ, ಹೋದ ತಕ್ಷಣ ತಿನ್ಸಿ. ಸೂಜಿ ಆಗೋಗಿದೆ, ಮರೀಬೇಡಿ."

"ನಂಗೊತ್ತಿಲ್ವೇ ತಾಯಿ? ಮೊದ್ಲು ಅವ್ಳಿಗ್ ತಿಂಡಿ, ಆಮೇಲೆ ದೇವ್ರು."

ಮೊಪೆಡ್ಡು ಕೆಸರೆಯ ತಿರುವಿನಲ್ಲಿ ಮರೆಯಾಯಿತು. ಭಾನುಪ್ರಿಯಾ ಮತ್ತೆ ಅಲಗಿನ ಮುಂದೆ ಕೂತಾಗ ಉಜ್ಜಿದ ಕಡೆ ಆಗಲೇ ತುಕ್ಕಿನ ಛಾಯೆ ಏರಿತ್ತು. ಮೊದಲಿನಿಂದ ಉಜ್ಜಿದಳು.

ಗಗನಳಿಗೆ ಸಕ್ಕರೆ ಕಾಯಿಲೆಯೆಂದು ತಿಳಿದದ್ದು ಎರಡು ವರ್ಷದ ಹಿಂದೆ. ತೋಳಿನ ಬಿಲ್ಲೆ ನಿಮಿಷಕ್ಕೊಮ್ಮೆ ಮೈಯ ಸಕ್ಕರೆ ಅಳೆಯುತ್ತದೆ, ಸೊಂಟದ ಡಬ್ಬಿ ಆ ಅಳತೆಯನ್ನು ಹೆಬ್ಬಾಳದ ಒಂದು ಕಂಪನಿಗೆ ಕಳಿಸುತ್ತದೆ, ಅಲ್ಲಿನ ಸರ್ವರುಗಳು ಲೆಕ್ಕ ಹಾಕಿ, ಮಿತಿ ಮೀರಿ ಏರಿದರೂ ಎಪ್ಪತ್ತರ ಕೆಳಗೆ ಇಳಿದರೂ ಮನೆಯವರ ಫೋನು ಕೂಗಿಸುತ್ತವೆ. ಮಗಳ ಮೈಯ ಸುದ್ದಿ ಹೋಗುವ ಜಾಗದಲ್ಲೇ ತಾನೂ ಇರಬೇಕೆಂದು ಭಾನುಪ್ರಿಯಾ ಇದ್ದ ಕೆಲಸ ಬಿಟ್ಟು ಆ ಕಂಪನಿಯನ್ನೇ ಹುಡುಕಿಕೊಂಡು ಸೇರಿದ್ದಳು. ಐದು ಸಾವಿರ ಜನರ ಅಳತೆ ಹೊಳೆಯ ಹಾಗೆ ಎಡೆಬಿಡದೆ ಬರುತ್ತದೆ. ಹರಿವು ಹೆಚ್ಚಿದಾಗ ಎಷ್ಟು ಸರ್ವರು ಎಬ್ಬಿಸಬೇಕು, ತಗ್ಗಿದಾಗ ಎಷ್ಟನ್ನು ಮಲಗಿಸಬೇಕು ಎಂಬ ನಿಯಮ ಬರೆಯುವುದು ಅವಳ ಕೆಲಸ. ನಿಯಮ ಒಮ್ಮೆ ಬರೆದಿಟ್ಟರೆ ಯಾರೂ ಕೈ ಹಾಕಬೇಕಿಲ್ಲ, ಅದರ ಪಾಡಿಗೆ ಅದು ನಡೆಯುತ್ತದೆ.

ಹೋದ ವಾರ ದೋಸೆ ಹುಯ್ಯುವಾಗ ಮಗಳು "ಆಫೀಸಲ್ಲಿ ನೀನೇನ್ ಮಾಡ್ತೀಯ?" ಎಂದು ಕೇಳಿದ್ದಳು. "ಇದೇ ಕಣೇ," ಎಂದಿದ್ದಳು ಭಾನುಪ್ರಿಯಾ. "ಜನ ಜಾಸ್ತಿ ಬಂದ್ರೆ ಇನ್ನೊಂದು ಕಾವಲಿ ಇಡೋದು. ಕಡಿಮೆ ಆದ್ರೆ ಒಲೆ ಆರಿಸೋದು. ಯಾರೂ ಹಸ್ಕೊಂಡು ಕೂರಬಾರ್ದು, ಒಲೇನೂ ಸುಮ್ನೆ ಉರೀಬಾರ್ದು."

ಹುಡುಗಿ ಅಂದಿನಿಂದ ಅದನ್ನು ತಲೆಯಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಳು.

ಮನೆ ಒರೆಸಿ, ರಂಗೋಲಿ ಇಟ್ಟು, ಬೂದುಗುಂಬಳ ತೊಳೆಯುವಷ್ಟರಲ್ಲಿ ಹತ್ತು ಗಂಟೆ ಮೀರಿತು. ಹಬ್ಬದ ದಿನದ ಉಸ್ತುವಾರಿ ಅವಳ ಪಾಲಿಗೆ ಬಂದಿತ್ತಾದ್ದರಿಂದ ಲ್ಯಾಪ್‌ಟಾಪು ಊಟದ ಮೇಜಿನ ಮೇಲೆ ತೆರೆದೇ ಇತ್ತು. ಅಲಗಿಗೆ ಕುಂಕುಮ ಇಡುತ್ತಿದ್ದಾಗ ಫೋನು ಬಂತು. ತಂಡದ ಮುಖ್ಯಸ್ಥ ಮಾಧವ.

"ಹಬ್ಬದ ಶುಭಾಶಯ ಭಾನು ಅವ್ರೆ. ಸ್ವಲ್ಪ ಸ್ಕ್ರೀನ್ ನೋಡ್ತೀರಾ? ಒಂಬತ್ತು ಗಂಟೆಯಿಂದ ಡಬ್ಬಿಗಳು ಒಂದೊಂದಾಗಿ ಮಾತು ನಿಲ್ಲಿಸ್ತಿವೆ. ಮೈಸೂರು, ಮಂಡ್ಯ, ಚಾಮರಾಜನಗರ, ಎಲ್ಲಾ ಕಡೆ. ನೆಟ್‌ವರ್ಕ್ ಸರಿ ಇದೆ, ಕೇಳಿದೆ."

ಭಾನುಪ್ರಿಯಾ ಕುಂಕುಮದ ಬೆರಳನ್ನು ಹಾಗೇ ಎತ್ತಿ ಹಿಡಿದು ದೇವರ ಮುಂದಿನ ಸಾಲನ್ನು ನೋಡಿದಳು. ಸುತ್ತಿಗೆ, ಕತ್ತರಿ, ಮಿಕ್ಸಿ, ಸ್ಪ್ಯಾನರು.

"ಸರ್, ಪೂಜೆಗಿಟ್ಟಿದಾರೆ."

"ಏನನ್ನ?"

"ಡಬ್ಬೀನ. ಅದೂ ಯಂತ್ರ ತಾನೇ? ಜೀವ ಕಾಯೋ ಯಂತ್ರ. ಸೊಂಟದಿಂದ ಬಿಚ್ಚಿ ದೇವರ ಮುಂದೆ ಇಟ್ಟಿದಾರೆ."

ಮಾಧವ ನಕ್ಕುಬಿಟ್ಟ. "ನಮ್ಮತ್ತೆ ನನ್ನ ಕಂಪ್ಯೂಟರ್ ಮೌಸಿಗೂ ವಿಭೂತಿ ಇಟ್ಟಿದಾರೆ ಕಣ್ರೀ. ನನಗೆ ಇದು ಹೊಳೀಲೇ ಇಲ್ಲ ನೋಡಿ. ಸರಿ ಬಿಡಿ, ಹಾಗಾದ್ರೆ ಗಾಬರಿಯಿಲ್ಲ."

ಭಾನುಪ್ರಿಯಾಳಿಗೆ ನಗು ಬರಲಿಲ್ಲ. "ಸರ್, ಸರ್ವರು ಎಷ್ಟು ಉಳಿದಿವೆ?"

"ನಲವತ್ತಿತ್ತು. ಹರಿವು ಇಲ್ಲ ಅಂತ ನಿಮ್ಮ ನಿಯಮ ಮಲಗಿಸ್ತಾ ಬಂದಿದೆ. ಈಗ ಆರು."

ಇವತ್ತು ಶುಕ್ರವಾರ. ಹತ್ತೂವರೆಗೆ ರಾಹುಕಾಲ. ಅದರೊಳಗೆ ಮಂಗಳಾರತಿ ಮುಗಿಸಬೇಕೆಂದು ಇಡೀ ಊರೇ ಗಡಿಬಿಡಿಯಲ್ಲಿದೆ. ಮುಗಿಯುತ್ತಿದ್ದಂತೆ ಎಲ್ಲರೂ ಒಟ್ಟಿಗೆ ಡಬ್ಬಿಯನ್ನು ಎತ್ತಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಾರೆ. ಒಂದೂವರೆ ಗಂಟೆ ಬಿಲ್ಲೆಗಳು ಹಿಡಿದಿಟ್ಟುಕೊಂಡಿದ್ದ ಅಳತೆಗಳೆಲ್ಲ ಒಂದೇ ಸಲಕ್ಕೆ ಬಂದು ಬೀಳುತ್ತವೆ. ಆರು ಸರ್ವರುಗಳ ಮೇಲೆ.

ಗಡಿಯಾರ ಹತ್ತು ಇಪ್ಪತ್ತೈದು ತೋರಿಸುತ್ತಿತ್ತು. ಪಕ್ಕದ ಮನೆಯಲ್ಲಿ ಗಂಟೆ ಬಾರಿಸಿತು, ಎದುರು ಸಾಲಿನಲ್ಲಿ ಇನ್ನೊಂದು. ಬೀದಿಯಲ್ಲಿ ಯಾರೋ ಬೂದುಗುಂಬಳ ಒಡೆದ ಸದ್ದು. ಅವಳು ಮೇಜಿಗೆ ಬರುವಷ್ಟರಲ್ಲಿ ಪರದೆಯ ಮೇಲಿನ ಗೆರೆ ನೆಲದಿಂದ ಗೋಡೆಯ ಹಾಗೆ ನೆಟ್ಟಗೆ ಎದ್ದಿತ್ತು.

"ಎಬ್ಬಿಸ್ತಿದೀನಿ ಸರ್. ಮೂವತ್ತನಾಲ್ಕೂ."

"ಎಷ್ಟು ಹೊತ್ತು ಬೇಕು?"

"ಇಪ್ಪತ್ತು ನಿಮಿಷ."

ಹೊಸ ಸರ್ವರು ಎದ್ದ ತಕ್ಷಣ ಕೆಲಸಕ್ಕೆ ಬರುವುದಿಲ್ಲ. ತನ್ನ ಪಾಲಿನ ರೋಗಿಗಳ ಹಳೆಯ ಅಳತೆ, ಔಷಧಿ, ಮಿತಿ ಎಲ್ಲವನ್ನೂ ಮೊದಲು ಓದಿಕೊಳ್ಳಬೇಕು. ಕಾವಲಿ ಕಾಯಬೇಕು. ಅಲ್ಲಿಯವರೆಗೆ ಆ ಆರೇ ಎಲ್ಲವನ್ನೂ ಹೊರಬೇಕು.

ಒಂದೊಂದನ್ನೇ ಎಬ್ಬಿಸುವಷ್ಟರಲ್ಲಿ ಹತ್ತು ನಿಮಿಷ ಕಳೆಯಿತು. ಅಭ್ಯಾಸಬಲದಿಂದ ಅವಳು ತನ್ನ ಫೋನು ನೋಡಿದಳು. ಗಗನ: ನೂರ ಹದಿನೆಂಟು. ಪಕ್ಕದಲ್ಲಿ ಅಡ್ಡ ಬಾಣ. ಏರಿಕೆಯಿಲ್ಲ, ಇಳಿತವಿಲ್ಲ. ಎದೆಯ ಭಾರ ಒಂದಿಷ್ಟು ಇಳಿಯಿತು. ಮಾವ ತಿಂಡಿ ತಿನ್ನಿಸಿದ್ದಾರೆ.

ಫೋನು ಕೆಳಗಿಡಹೋದವಳು ಮತ್ತೆ ನೋಡಿದಳು.

ಆ ನೂರ ಹದಿನೆಂಟು ಯಾವಾಗಿನದು?

ಅದರ ಪಕ್ಕದಲ್ಲಿ ಹೊತ್ತು ಇರಲಿಲ್ಲ. ಇಲ್ಲದಂತೆ ಮಾಡಿದವಳು ಅವಳೇ. ಕಾಯಿಲೆ ತಿಳಿದ ಮೊದಲ ತಿಂಗಳು, ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ಫೋನಿನಲ್ಲಿ ಅಂಕಿಯ ಜಾಗಕ್ಕೆ ಎರಡು ಗೀಟು ಬಂದಿದ್ದವು. ಎರಡೇ ಎರಡು ಗೀಟು. ಕಾಫಿ ಲೋಟ ಬಿಟ್ಟು ಮೂರು ಮಹಡಿ ಹತ್ತಿ ವಾರ್ಡಿಗೆ ಓಡಿದರೆ, ಮಗಳು ನರ್ಸಮ್ಮನ ಜೊತೆ ಚೌಕಾಬಾರ ಆಡುತ್ತ ಕೂತಿದ್ದಳು. ಡಬ್ಬಿ ಅರ್ಧ ನಿಮಿಷ ತಪ್ಪಿಹೋಗಿತ್ತು, ಅಷ್ಟೇ. ಕಂಪನಿ ಸೇರಿದ ಮೇಲೆ ಮೀಟಿಂಗಿನಲ್ಲಿ ಅವಳೇ ಎದ್ದು ಹೇಳಿದ್ದಳು. "ಆ ಗೀಟು ತೋರಿಸಬೇಡಿ. ತಾಯಂದಿರ ಜೀವ ಹೋಗುತ್ತೆ. ಹೊಸದು ಬರುವವರೆಗೆ ಕೊನೆಯ ಅಂಕಿಯೇ ಇರಲಿ, ಪಕ್ಕದಲ್ಲಿ ಹೊತ್ತು ಬೇಡ." ಎಲ್ಲರೂ ಒಪ್ಪಿದ್ದರು. ಒಬ್ಬ ತಾಯಿಯೇ ಹೇಳಿದ ಮೇಲೆ ಯಾರು ತಾನೇ ಬೇಡ ಎಂದಾರು?

ಅವಳು ಸಿಬ್ಬಂದಿಯ ಪರದೆ ತೆರೆದಳು. ಅಲ್ಲಿ ಹೊತ್ತು ಇರುತ್ತದೆ. ಗಗನ, ಕೆಸರೆ. ಕೊನೆಯ ಅಳತೆ ಒಂಬತ್ತು ಗಂಟೆ ನಾಲ್ಕು ನಿಮಿಷದ್ದು.

ಸೂಜಿ ಕೊಟ್ಟು ಎರಡೂವರೆ ಗಂಟೆ. ಹೊಟ್ಟೆಯಲ್ಲಿ ಒಂದು ಇಡ್ಲಿ. ಉಳಿದೆರಡು ಒಳಗೆ ಹೋಗಿವೆಯೋ ಇಲ್ಲವೋ.

ಮಾವನಿಗೆ ಫೋನು ಮಾಡಿದಳು. ಸ್ವಿಚ್ ಆಫ್. ಫೋನೂ ಆಯುಧವೇ; ಅದೂ ಲೇತಿನ ಪಕ್ಕ ಕುಂಕುಮ ಹಚ್ಚಿಕೊಂಡು ಕೂತಿರಬೇಕು. ವಿಜಯ್‌ಕುಮಾರ್ ಅವರಿಗೆ ಮಾಡಿದಳು. ರಿಂಗಾಯಿತು, ರಿಂಗಾಯಿತು, ನಿಂತಿತು. ಇನ್ನೊಮ್ಮೆ ಮಾಡಿದಳು. ನಿಂತಿತು. ಹೆಬ್ಬಾಳಕ್ಕೆ ಸ್ಕೂಟರಿನಲ್ಲಿ ಇಪ್ಪತ್ತು ನಿಮಿಷ. ಈ ಜನಜಂಗುಳಿಯಲ್ಲಿ ಎಷ್ಟಾಗುತ್ತದೋ. ಎದ್ದು ಓಡಿದರೆ ಇಲ್ಲಿ ಐದು ಸಾವಿರ ಜನರನ್ನು ನೋಡುವ ಕೈ ಇಲ್ಲ. ಕೂತರೆ ಅಲ್ಲಿ ಮಗಳು ಹೇಗಿದ್ದಾಳೋ ತಿಳಿಯದು.

ಅವಳ ಕಣ್ಣು ಪರದೆಯ ಒಂದು ಮೂಲೆಗೆ ಹೋಯಿತು. ಗಗನಳ ಡಬ್ಬಿ ಎಂಟು ನಿಮಿಷದ ಹಿಂದೆ ಮಾತಾಡಿತ್ತು. ತೊಂಬತ್ತು ಅಳತೆಗಳನ್ನು ಒಟ್ಟಿಗೆ ತಂದು ಸುರಿದಿತ್ತು. ಅವು ಇಲ್ಲೇ ಇದ್ದವು, ನಾಲ್ಕನೆಯ ಸರ್ವರಿನ ಸರದಿಯಲ್ಲಿ, ಇನ್ನೂ ಯಾರೂ ನೋಡದೆ. ಅವುಗಳ ಮುಂದೆ ಐನೂರಕ್ಕೂ ಹೆಚ್ಚು ಜನ ಕಾಯುತ್ತಿದ್ದರು. ಮಗಳು ಬದುಕಿರುವ ಸುದ್ದಿಯೋ, ಕುಸಿದಿರುವ ಸುದ್ದಿಯೋ, ಅವಳೇ ಕಟ್ಟಿದ ಸಾಲಿನಲ್ಲಿ ನಿಂತಿತ್ತು.

ಮುಂದೆ ತರುವ ದಾರಿ ಒಂದಿತ್ತು. ನಾಲ್ಕನೆಯದನ್ನು ನಿಲ್ಲಿಸಬೇಕು. ಅದರ ಸರದಿಯನ್ನು ಪೂರ್ತಿ ಕೆಳಗಿಳಿಸಿ, ಬೇಕಾದ್ದೊಂದನ್ನು ತಲೆಯ ಮೇಲಿಟ್ಟು, ಮತ್ತೆ ಶುರುಮಾಡಬೇಕು. ಆ ಒಂದು ತಕ್ಷಣ ಹೊರಬರುತ್ತದೆ. ಉಳಿದ ಎಂಟುನೂರ ಹನ್ನೊಂದು ಜನರದ್ದು ಮತ್ತೆ ಮೊದಲಿನಿಂದ ಜೋಡಣೆಯಾಗಬೇಕು. ಅದಕ್ಕೆ ಹತ್ತು ನಿಮಿಷವಾಗಬಹುದು, ಹದಿನೈದೂ ಆಗಬಹುದು. ಒಬ್ಬರೇ ಹೀಗೆ ಮಾಡಕೂಡದೆಂದು ಅದಕ್ಕೆ ಇಬ್ಬರ ಒಪ್ಪಿಗೆ ಕಡ್ಡಾಯ. ಆ ನಿಯಮವೂ ಅವಳದೇ.

"ಮಾಧವ್ ಸರ್," ಎಂದಳು. ಅವನ ಕರೆಯನ್ನು ಅವಳು ಇಷ್ಟು ಹೊತ್ತೂ ತಡೆಹಿಡಿದಿದ್ದಳು. "ನಾಲ್ಕನೆಯದನ್ನ ನಿಲ್ಲಿಸ್ಬೇಕು. ಒಂದು ಅಳತೆ ಮುಂದೆ ತರ್ಬೇಕು. ನಿಮ್ಮ ಒಪ್ಪಿಗೆ ಬೇಕು."

"ನಾಲ್ಕು ಚೆನ್ನಾಗೇ ಓಡ್ತಿದೆಯಲ್ರೀ. ನಿಲ್ಸಿದ್ರೆ ಮಿಕ್ಕವರಿಗೆ..." ಅವನು ಮಾತು ನಿಲ್ಲಿಸಿದ. "ಯಾರದ್ದು?"

ಅವಳು ಹೇಳಲಿಲ್ಲ. ಮೇಜಿನ ಮೇಲೆ ಅವಳ ಹೆಬ್ಬೆರಳಿನ ಕುಂಕುಮ ಅರ್ಧಚಂದ್ರದ ಹಾಗೆ ಅಂಟಿಕೊಂಡಿತ್ತು.

ಆ ಕಡೆಯಿಂದ ಕೀಬೋರ್ಡಿನ ಸದ್ದು ಕೇಳಿಸಿತು. "ಒಪ್ಪಿಗೆ ಕಳಿಸಿದೀನಿ," ಎಂದ ಮಾಧವ, ತಗ್ಗಿದ ದನಿಯಲ್ಲಿ. "ಬೇಗ ಮಾಡಿ."

ಅವಳು ಗುಂಡಿ ಒತ್ತಿದಳು. ನಾಲ್ಕನೆಯದರ ಹಸಿರು ಚುಕ್ಕೆ ಆರಿತು.

ಆರಿದ ಚುಕ್ಕೆ ಮತ್ತೆ ಹೊತ್ತಲು ನಲವತ್ತು ಸೆಕೆಂಡು. ಚುಕ್ಕೆ ಹಸಿರಾಯಿತು. ಮಗಳ ಬೆಳಗಿನ ಹೊತ್ತೆಲ್ಲ ಕಣ್ಣೆದುರು ಸಾಲಾಗಿ ಇಳಿಯತೊಡಗಿತು. ನೂರ ಹದಿನೆಂಟು. ನೂರ ಒಂಬತ್ತು. ತೊಂಬತ್ತೇಳು. ಎಂಬತ್ತಾರು. ಎಪ್ಪತ್ತಮೂರು. ಅರವತ್ತನಾಲ್ಕು. ಐವತ್ತೆಂಟು. ಬಾಣ ಕೆಳಮುಖವಾಗಿತ್ತು. ಐವತ್ತೊಂದು. ಅದು ಒಂದು ನಿಮಿಷದ ಹಿಂದಿನದು.

ಅವಳ ಫೋನು ಕಿರುಚತೊಡಗಿತು. ಅದೇ ಕಂಪನಿಯ ಎಚ್ಚರಿಕೆಯ ಸದ್ದು. ಅದನ್ನು ಅದುಮಿ ವಿಜಯ್‌ಕುಮಾರ್ ಅವರಿಗೆ ಮತ್ತೆ ಮಾಡಿದಳು. ನಾಲ್ಕನೆಯ ರಿಂಗಿಗೆ ಎತ್ತಿದರು. ಹಿಂದೆ ಜಾಗಟೆ, ಮಾತು, ನಗು.

"ಹೇಳಮ್ಮ ಭಾನು! ಹಬ್ಬದ..."

"ಅಣ್ಣಾ, ಗಗನ ಎಲ್ಲಿ?"

"ಇಲ್ಲೇ ಅವ್ಳೆ ಕಣಮ್ಮ. ಡ್ರಿಲ್ಲಿಂಗ್ ಮಿಷನ್ ಪಕ್ಕ ಕೂತವ್ಳೆ. ಬೆಳಿಗ್ಗೆ ಬೇಗ ಎದ್ಲಲ್ಲ, ಪಾಪ, ತೂಕಡಿಸ್ತಾವ್ಳೆ."

"ಅದು ನಿದ್ದೆ ಅಲ್ಲಣ್ಣ!" ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. "ಸಕ್ಕರೆ ಕೊಡಿ. ಬೆಲ್ಲ, ಸಕ್ಕರೆ ನೀರು, ಕೈಗೆ ಸಿಕ್ಕಿದ್ದು. ಎಬ್ಬಿಸಿ ಕೂರ್ಸಿ, ಎಚ್ಚರ ಇದ್ರೆ ಕುಡಿಸಿ. ಫೋನ್ ಇಡ್ಬೇಡಿ, ಇಡ್ಬೇಡಿ."

ಫೋನು ಎಲ್ಲಿಯೋ ಕುಕ್ಕಿದ ಸದ್ದು. ಜಾಗಟೆ ನಿಂತಿತು. ಯಾರೋ ಓಡಿದರು. "ಪುಟ್ಟಾ, ಲೇ ಪುಟ್ಟಾ, ಬಾಯ್ ತೆಗಿ," ಎನ್ನುವ ಮಾವನ ದನಿ, ಅಳುವಿನ ಅಂಚಿನಲ್ಲಿ. ಆಮೇಲೆ ಏನೂ ಇಲ್ಲ. ಭಾನುಪ್ರಿಯಾ ಪರದೆಯನ್ನೇ ನೋಡುತ್ತಿದ್ದಳು. ನಲವತ್ತೊಂಬತ್ತು. ನಲವತ್ತೊಂಬತ್ತು. ಒಂದೊಂದು ನಿಮಿಷವೂ ಒಂದೊಂದು ಮೆಟ್ಟಿಲು. ಕತ್ತಲಲ್ಲಿ ಕಾಲು ಚಾಚಿ ಹುಡುಕುವ ಮೆಟ್ಟಿಲು. ಐವತ್ತೆರಡು. ಐವತ್ತೇಳು.

"ಕುಡುದ್ಲು ತಾಯಿ," ಎಂದು ಮಾವ ಫೋನಿಗೆ ಬಂದರು. "ಕಣ್ಬುಟ್ಲು. ತಾತ ಕಡ್ಲೆಪುರಿ ಅಂತಾವ್ಳೆ. ತಪ್ಪಾಗೋಯ್ತು ಕಣಮ್ಮ. ಹೋಗ್ತಿದ್ದಂಗೆ ಡಬರಿ ತೆಗೆದೆ. ಪೂಜೆ ಆಗ್ದೆ ತಿನ್ನಾಕಿಲ್ಲ ತಾತ ಅಂದ್ಲು. ಅತ್ ನಿಮಿಷ ತಾನೆ ಅಂದ್ಕಂಡೆ. ಪೂಜೆ ಮಾಡ್ಸೋ ಅಯ್ನೋರು ಒಂದೂವರೆ ಗಂಟೆ ತಡವಾಗ್ ಬಂದ್ರು. ಡಬ್ಬೀಗೂ ಕುಂಕುಮ ಇಡ್ಬೇಕು ಅಂತ ಅವ್ಳೇ ಬಿಚ್ಚಿ ಕೊಟ್ಟಿದ್ದು..."

"ಇಡ್ಲಿ ತಿನ್ಸಿ ಮಾವ. ಆಮೇಲೆ ಮನೆಗ್ ಕರ್ಕೊಂಡ್ ಬನ್ನಿ. ನಿಧಾನವಾಗಿ." ಬೈಯಲು ಅವಳಲ್ಲಿ ತ್ರಾಣವಿರಲಿಲ್ಲ. ಬೈಯಬೇಕಾದದ್ದು ಅವರನ್ನೋ ತನ್ನನ್ನೋ ಎಂಬುದೂ ತಿಳಿಯಲಿಲ್ಲ.

ಮೂವತ್ತನಾಲ್ಕು ಸರ್ವರುಗಳು ಎದ್ದು ಕೆಲಸ ಹಂಚಿಕೊಂಡಾಗ ಹತ್ತು ಐವತ್ತಾಗಿತ್ತು. ಗೋಡೆಯ ಹಾಗೆ ನಿಂತಿದ್ದ ಗೆರೆ ಇಳಿಯಿತು. ಉಳಿದ ಐದು ಸರದಿಗಳು ಮೊದಲು ಖಾಲಿಯಾದವು. ನಾಲ್ಕನೆಯದು ಎಲ್ಲಕ್ಕಿಂತ ಕೊನೆಗೆ. ಅದರಲ್ಲಿ ಹನ್ನೊಂದು ಜನರ ಸಕ್ಕರೆ ಇಳಿದಿತ್ತು. ಬೆಳಿಗ್ಗೆ ಸೂಜಿ ಚುಚ್ಚಿಕೊಂಡು, ಪೂಜೆಯಾಗಲಿ ಎಂದು ತಿಂಡಿ ಮುಂದೂಡಿದವರು. ಗಗನಳಂಥವರೇ. ಮಾಧವ ಆರು ಮನೆಗೆ, ಅವಳು ಐದು ಮನೆಗೆ ಫೋನು ಮಾಡತೊಡಗಿದರು.

ಗಗನ ಬಂದಾಗ ಅವಳು ನಾಲ್ಕನೆಯ ಮನೆಯವರೊಂದಿಗೆ ಮಾತಾಡುತ್ತಿದ್ದಳು. ಮಾತಾಡುತ್ತಲೇ ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಹುಡುಗಿಯ ಹಣೆ ತಣ್ಣಗೆ ಬೆವೆತಿತ್ತು, ಬಾಯಿ ಬೆಲ್ಲದ ವಾಸನೆ ಹೊಡೆಯುತ್ತಿತ್ತು, ಸೊಂಟದ ಡಬ್ಬಿಯ ಮೇಲೆ ಕುಂಕುಮದ ಬೊಟ್ಟು, ಕೈಯಲ್ಲಿ ಅರ್ಧ ಇಡ್ಲಿ. ಮಾವ ಹೊಸಿಲಲ್ಲೇ ಟವೆಲಿನಲ್ಲಿ ಮುಖ ಮುಚ್ಚಿ ಕೂತರು.

"ಅಮ್ಮಾ..."

"ಶ್, ಒಂದ್ನಿಮಿಷ ಪುಟ್ಟ." ಭಾನುಪ್ರಿಯಾ ಐದನೆಯ ನಂಬರು ಒತ್ತಿದಳು. ಅಲಮೇಲು, ಅರವತ್ತೆಂಟು ವರ್ಷ, ವೀಣೆ ಕಲಿಸುವವರು, ಲಕ್ಷ್ಮೀಪುರಂ. ರಿಂಗಾಯಿತು. ನಿಂತಿತು. ಇನ್ನೊಮ್ಮೆ ಮಾಡಿದಳು. ಮಗನ ನಂಬರು ವ್ಯಾಪ್ತಿಯಲ್ಲಿಲ್ಲ.

"ಹತ್ತು ಜನ ಸಿಕ್ಕಿದಾರೆ ಭಾನು ಅವ್ರೆ. ಎಲ್ಲಾ ಕ್ಷೇಮ," ಎಂದ ಮಾಧವ ಲ್ಯಾಪ್‌ಟಾಪಿನ ಸ್ಪೀಕರಿನಲ್ಲಿ. "ಅಲಮೇಲು ಅನ್ನೋವ್ರು?"

"ಎತ್ತುತಿಲ್ಲ ಸರ್. ಹತ್ತು ಐವತ್ತಕ್ಕೆ ಅರವತ್ತಿತ್ತು. ಇಳಿತಾನೇ ಇತ್ತು. ಆಮೇಲೆ ಡಬ್ಬಿನೂ ಮಾತಾಡಿಲ್ಲ."

"ಎಚ್ಚರಿಕೆ ಯಾವಾಗ ಹೋಗಿದೆ?"

ಅವಳು ಹಿಂದಿನ ದಾಖಲೆ ತೆರೆದಳು. ನಾಲ್ಕನೆಯ ಸರ್ವರು ನಿಂತ ಹೊತ್ತಿಗೆ ಸರದಿಯಲ್ಲಿ ಅಲಮೇಲು ಅವರ ಮುಂದೆ ಇದ್ದದ್ದು ಒಬ್ಬರೇ. ಇನ್ನರ್ಧ ನಿಮಿಷ ಬಿಟ್ಟಿದ್ದರೆ ಅವರ ಫೋನು ಕೂಗುತ್ತಿತ್ತು.

"ಹನ್ನೊಂದಕ್ಕೆ," ಎಂದಳು. "ಹತ್ತು ನಲವತ್ತೆರಡಕ್ಕೆ ಹೋಗ್ಬೇಕಿತ್ತು ಸರ್. ಅವರ ಸರದಿ ಬಂದಿತ್ತು. ನಾನು ಇಳಿಸ್ಬಿಟ್ಟೆ."

ತೊಡೆಯ ಮೇಲಿನ ಹುಡುಗಿ ಇಡ್ಲಿ ಅಗಿಯುವುದನ್ನು ನಿಲ್ಲಿಸಿದಳು.

ಮಾಧವ ತಡೆದು ತಡೆದು ಮಾತಾಡಿದ. "ಆಂಬುಲೆನ್ಸಿಗೆ ಹೇಳಿದೀನಿ. ಹೊರಟಿದೆ, ಹಬ್ಬದ ಜನದಲ್ಲಿ ಸಿಕ್ಕೊಂಡಿದೆಯಂತೆ."

"ನಾನ್ ಹೋಗ್ತೀನಿ. ಸ್ಕೂಟರ್ ಸಂದೀಲಿ ನುಗ್ಗುತ್ತೆ. ಇಲ್ಲಿ ನೀವು ನೋಡ್ಕೊಳ್ಳಿ ಸರ್."

"ಮಗೂನ ಇಲ್ಲೇ ಬುಡಮ್ಮ," ಎಂದರು ಮಾವ ಹೊಸಿಲಿನಿಂದ, ಮುಖವೆತ್ತದೆ. ಅವಳು ಬಿಡಲಿಲ್ಲ. ಮಾವನ ಮೇಲಿನ ಸಿಟ್ಟಿಗಲ್ಲ. ಇವತ್ತು ಆ ಅಂಕಿಯನ್ನು ಫೋನಿನಲ್ಲಿ ನೋಡಿ ನಂಬುವುದು ಅವಳಿಂದ ಆಗುತ್ತಿರಲಿಲ್ಲ. ಗ್ಲೂಕೋಸ್ ಪೊಟ್ಟಣ ಸೆರಗಿಗೆ ಸಿಕ್ಕಿಸಿಕೊಂಡು, ಮಗಳನ್ನು ಸ್ಕೂಟರಿನಲ್ಲಿ ಮುಂದೆ ನಿಲ್ಲಿಸಿಕೊಂಡು ಹೊರಟಳು.

ಬನ್ನಿಮಂಟಪದ ಕಡೆ ಪೊಲೀಸರು ತಡೆ ಹಾಕಿದ್ದರು. ಒಳರಸ್ತೆಗೆ ತಿರುಗಿದಳು. ಎಲ್ಲ ಬೀದಿಯಲ್ಲೂ ಬಾಳೆಕಂದು ಕಟ್ಟಿಕೊಂಡ ಆಟೋ, ಲಾರಿ, ಸೈಕಲ್ಲು. ಪ್ರತಿ ಅಂಗಡಿಯ ಮುಂದೆಯೂ ಒಡೆದ ಬೂದುಗುಂಬಳ, ಅದರ ತಿರುಳಿಗೆ ಹಚ್ಚಿದ ಕುಂಕುಮ ಕರಗಿ ಡಾಂಬರಿನ ಮೇಲೆ ಕೆಂಪಗೆ ಹರಿದಿತ್ತು. ಒಂದು ತಿರುವಿನಲ್ಲಿ ಅದರ ಮೇಲೆ ಚಕ್ರ ಜಾರಿ ಸ್ಕೂಟರು ಅಡ್ಡಾದಿಡ್ಡಿ ಓಲಾಡಿತು. ಕಾಲು ಊರಿ ನಿಲ್ಲಿಸಿದಳು. ಗಗನ ತಿರುಗಿ ಏನೋ ಹೇಳಿದಳು, ತಮಟೆಯ ಸದ್ದಿನಲ್ಲಿ ಕೇಳಲಿಲ್ಲ.

"ಆಮೇಲ್ ಹೇಳು," ಎಂದು ಕೂಗಿ ಮತ್ತೆ ಹೊರಟಳು.

ಲಕ್ಷ್ಮೀಪುರಂ ಸದ್ದಿಲ್ಲದೆ ಇತ್ತು. ಮರಗಳ ನೆರಳಿನ ರಸ್ತೆ, ಹಳೆಯ ಹೆಂಚಿನ ಮನೆ, ಗೇಟಿಗೆ ಚೆಂಡುಹೂವಿನ ಹಾರ. ರಂಗೋಲಿಯ ಮೇಲೆ ಯಾರೂ ಕಾಲಿಟ್ಟಿರಲಿಲ್ಲ. ಪಕ್ಕದ ಮನೆಯ ಹೆಂಗಸು ಕಾಂಪೌಂಡಿನಿಂದ ಇಣುಕಿದರು. "ಮಗ ಸೊಸೆ ಬೆಟ್ಟಕ್ಕೆ ಹೋಗಿದಾರೆ ಕಣಮ್ಮ. ಅಲಮೇಲಮ್ಮ ಒಬ್ರೇ ಇರ್ಬೇಕು. ಬೆಳಿಗ್ಗೆ ವೀಣೆ ಪೂಜೆಗೆ ಹೂವು ಕುಯ್ಕೊಂಡ್ರು. ಆಮೇಲೆ ಕಂಡಿಲ್ಲ. ಯಾಕೆ?"

ಭಾನುಪ್ರಿಯಾ ಬೆಲ್ ಒತ್ತಿದಳು. ಒಳಗೆ ಗಂಟೆಯ ಸದ್ದು ದೂರದ ಕೋಣೆಯವರೆಗೆ ಹೋಗಿ ಸತ್ತಿತು. ಇನ್ನೊಮ್ಮೆ ಒತ್ತಿದಳು. "ಅಲಮೇಲು ಮೇಡಂ!" ಎಂದು ಕೂಗಿದಳು. ಬಾಗಿಲಿಗೆ ಅಂಗೈ ಇಟ್ಟು ಬಡಿದಳು. ಫೋನು ಮಾಡಿದಳು, ಒಳಗೆಲ್ಲೋ ಅದು ರಿಂಗಾಗುವುದು ಬಾಗಿಲಿನಾಚೆ ಸಣ್ಣಗೆ ಕೇಳಿಸಿತು. ಕೇಳಿಸುತ್ತಲೇ ಇತ್ತು. ಯಾರೂ ಎತ್ತಲಿಲ್ಲ.

ಪಕ್ಕದ ಮನೆಯ ಹೆಂಗಸು ಈಗ ಗಾಬರಿಯಾಗಿ ಗಂಡನನ್ನು ಕೂಗುತ್ತಿದ್ದರು. "ಕಿಟಕಿ ಕಡೆಯಿಂದ ನೋಡ್ರೀ, ಹಿಂದುಗಡೆ ಬಾಗ್ಲು..."

ಭಾನುಪ್ರಿಯಾ ಬಾಗಿಲಿಗೆ ಕಿವಿಯಿಟ್ಟು ನಿಂತಳು. ಹಳೆಯ ತೇಗದ ಬಾಗಿಲು ಕೆನ್ನೆಗೆ ತಣ್ಣಗೆ ತಾಗಿತು. ದೇವರನ್ನು ಏನೆಂದು ಬೇಡಿಕೊಳ್ಳುವುದು? ಇದಕ್ಕೆ ಮೊದಲು ಒಂದು ಬೇಡಿಕೊಂಡಿದ್ದಳು, ಅದನ್ನು ಕೊಟ್ಟಾಗಿತ್ತು. ಆ ಕೊಡುಗೆ ಅವಳ ಸೆರಗು ಹಿಡಿದು ಪಕ್ಕದಲ್ಲೇ ನಿಂತಿತ್ತು, ಹಳದಿ ಲಂಗದಲ್ಲಿ.

ಮತ್ತೆ ಆ ಗುಂಡಿಯೇ ಎದುರಿಗೆ ಬಂದರೆ? ಒತ್ತದೇ ಇರುತ್ತಿದ್ದೆನೇ ಎಂದು ತನ್ನನ್ನೇ ಕೇಳಿಕೊಂಡಳು. ಒತ್ತೇ ಒತ್ತುತ್ತಿದ್ದೆ ಎಂದೇ ಉತ್ತರ ಬಂತು.

ಆಗ ಒಳಗೆ ಏನೋ ಸರಿಯಿತು. ಕುರ್ಚಿಯೋ, ಮಣೆಯೋ. ನಂತರ ಚಪ್ಪಲಿ ಎಳೆಯುವ ಸದ್ದು. ಬಹಳ ನಿಧಾನ. ಒಂದು ಹೆಜ್ಜೆ, ನಿಲುಗಡೆ. ಗೋಡೆಗೆ ಕೈ ಒರಗಿಸಿದ ಹಾಗೆ ಬಳೆಯ ಸದ್ದು. ಇನ್ನೊಂದು ಹೆಜ್ಜೆ.

"ಮೇಡಂ, ಅಲ್ಲೇ ಕೂತ್ಕೊಳ್ಳಿ, ಬೀಳ್ತೀರಿ, ನಾವು ಹಿಂದಿನಿಂದ ಬರ್ತೀವಿ!" ಎಂದು ಕೂಗುತ್ತ ಭಾನುಪ್ರಿಯಾ ಗ್ಲೂಕೋಸಿನ ಪೊಟ್ಟಣವನ್ನು ಹಲ್ಲಿನಿಂದ ಹರಿದಳು. ಅರ್ಧ ಪುಡಿ ಕೈಮೇಲೆ ಚೆಲ್ಲಿತು. ಚಪ್ಪಲಿಯ ಸದ್ದು ಬಾಗಿಲಿನ ಹತ್ತಿರಕ್ಕೆ ಬಂತು. ಒಳಗಿನಿಂದ ನಡುಗುವ ಕೈಯೊಂದು ಅಗುಳಿಯನ್ನು ತಡಕಾಡತೊಡಗಿತು.

ಸೆರಗನ್ನು ಯಾರೋ ಜಗ್ಗಿದರು. ಬಗ್ಗಿ ನೋಡಿದಳು. ಗಗನ ಬಾಗಿಲನ್ನೂ ಅಮ್ಮನ ಮುಖವನ್ನೂ ನೋಡುತ್ತ, ಬೆಳಿಗ್ಗೆಯಿಂದ ಬಾಯಲ್ಲೇ ಉಳಿದಿದ್ದ ಮಾತನ್ನು ಕೊನೆಗೂ ಗಟ್ಟಿಯಾಗಿ ಕೇಳಿದಳು.

"ಅಮ್ಮಾ, ಎಲ್ಲಾ ಕಾವಲೀನೂ ತುಂಬಿತ್ತಲ್ಲ. ನಂಗೆ ಮೊದ್ಲು ಹುಯ್ಯೋಕೆ ಈ ಅಜ್ಜಿ ದೋಸೆ ತೆಗ್ದುಬುಟ್ಯಾ?"